ಸೊಂಟದ ಸಂಚಿ, ಹೆಣ್ಣಿನ ಚಟ

ಚಟವೆಂದರೆ ಗಂಡಸಿನದು ಎಂದೇ ನಂಬಿಕೊಂಡು ಬಂದಿದ್ದೇವೆ. ಹೆಣ್ಣಿನ ದೇಹದಲ್ಲಿ ಅದು ಬೇರೆಯದೇ ದಾರಿ ಹಿಡಿಯುತ್ತದೆ, ಅದಕ್ಕೆ ಹಾರ್ಮೋನುಗಳೂ ಕಾರಣ ಎನ್ನುತ್ತದೆ ವಿಜ್ಞಾನ.

ಕೂಡ್ಲಿಗಿ, ಕೊಟ್ಟೂರು ಸೀಮೆಯ ಶೇಂಗಾ ಹೊಲಗಳಲ್ಲಿ ಕಳೆ ತೆಗೆಯುವ ಹೆಂಗಸರು ಬದುವಿನ ಬೇವಿನ ಮರದಡಿ ಕೂತರೆ, ಬುತ್ತಿಗಿಂತ ಮೊದಲು ಬಿಚ್ಚುವುದು ಸೊಂಟದ ಸಂಚಿ. ಒಂದು ಖಾನೆಯಲ್ಲಿ ಎಲೆ, ಇನ್ನೊಂದರಲ್ಲಿ ಅಡಿಕೆ, ಪುಟ್ಟ ಡಬ್ಬಿಯಲ್ಲಿ ಸುಣ್ಣ, ಒಳಖಾನೆಯಲ್ಲಿ ಹೊಗೆಸೊಪ್ಪು. ಎಡ ಅಂಗೈಯಲ್ಲಿ ಸೊಪ್ಪಿನ ಚೂರಿಟ್ಟು, ಬಲ ಹೆಬ್ಬೆರಳಿನಿಂದ ಸುಣ್ಣ ತಿಕ್ಕಿ, ದವಡೆಯ ಸಂದಿಗೆ ಒತ್ತಿಕೊಂಡರೆ ಹಸಿವು, ದಣಿವು ಎರಡೂ ಸ್ವಲ್ಪ ಹೊತ್ತು ಹಿಂದೆ ಸರಿಯುತ್ತವೆ. ಸುಣ್ಣದ ಕ್ಷಾರದಿಂದ ತಂಬಾಕಿನ ನಿಕೋಟಿನ್ ಬೇಗ ಬಿಡುಗಡೆಯಾಗಿ ಬಾಯಿಯ ಒಳಪೊರೆಯ ಮೂಲಕ ನೇರ ರಕ್ತಕ್ಕೆ ಇಳಿಯುತ್ತದೆ. ಆದರೂ ಊರಿನವರ ಕಣ್ಣಿಗೆ ಚಟಗಾರನೆಂದರೆ ಸಂಜೆ ತೂರಾಡುತ್ತಾ ಮನೆಗೆ ಬರುವ ಗಂಡಸೇ ಹೊರತು ಈ ಹೆಂಗಸಲ್ಲ.

ಬಾಟಲಿಯಿಂದ ಅಳೆದರೆ ಸಾಲದು

ಕುಡಿತದ ವಿಷಯದಲ್ಲಿ ಹೆಣ್ಣನ್ನು ನಾವು ಕಂಡಿರುವುದು ನೊಂದವಳಾಗಿ, ಹೋರಾಟಗಾರ್ತಿಯಾಗಿ. ರಾಜ್ಯದಲ್ಲಿ 2007ರ ಜುಲೈನಲ್ಲಿ ಸಾರಾಯಿ ನಿಂತರೂ ಬ್ರಾಂದಿ, ವಿಸ್ಕಿ ನಿಲ್ಲಲಿಲ್ಲ. ಮದ್ಯ ನಿಷೇಧಿಸಿ ಎಂದು 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡೇ ಹೋದವರು ಹಳ್ಳಿಯ ಸಾವಿರಾರು ಹೆಂಗಸರು.

ಅಂಕಿಅಂಶಗಳೂ ಹಾಗೆಯೇ ಇವೆ. 2019ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯ ಸೇವಿಸುವ ಗಂಡಸರು ಶೇ 27.3, ಹೆಂಗಸರು ಶೇ 1.6. ಹದಿನೇಳು ಗಂಡಸರಿಗೆ ಒಬ್ಬ ಹೆಂಗಸು. ಆದರೆ ತಂಬಾಕಿಗೆ ಬಂದರೆ ಚಿತ್ರ ಬದಲಾಗುತ್ತದೆ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ಕರ್ನಾಟಕದ ಗಂಡಸರಲ್ಲಿ ಶೇ 35.2, ಹೆಂಗಸರಲ್ಲಿ ಶೇ 10.3 ಮಂದಿ ತಂಬಾಕು ಬಳಸುವವರು. ಹತ್ತರಲ್ಲಿ ಒಬ್ಬಾಕೆ! ಹೆಂಗಸರದ್ದು ಬಹುಪಾಲು ಸೇದುವ ತಂಬಾಕಲ್ಲ, ಅಗಿಯುವ ತಂಬಾಕು. ಹೊಗೆಯಿಲ್ಲ, ಅಮಲಿನ ಗಲಾಟೆಯಿಲ್ಲ. ಹಾಗಾಗಿ ಯಾರೂ ಕೇಳುವುದಿಲ್ಲ.

ಹಾರ್ಮೋನು ಮಾಡುವ ಕೆಲಸ

ಮಿದುಳಿನಲ್ಲಿ ಖುಷಿ, ಬಯಕೆಗಳನ್ನು ನಡೆಸುವ ರಾಸಾಯನಿಕ ಡೋಪಮಿನ್. ಅಮಲು ಪದಾರ್ಥಗಳೆಲ್ಲ ಕೈಹಾಕುವುದು ಅದಕ್ಕೇ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಜಿಲ್ ಬೆಕರ್ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಹೆಣ್ಣು ಹಾರ್ಮೋನಾದ ಈಸ್ಟ್ರೋಜನ್ ಈ ಡೋಪಮಿನ್ ಬಿಡುಗಡೆಯನ್ನು ಹೆಚ್ಚಿಸುವುದು ಕಂಡುಬಂತು. ಪ್ರೊಜೆಸ್ಟೆರಾನ್ ಇದಕ್ಕೆ ಕಡಿವಾಣ ಹಾಕುತ್ತದೆ. ಮುಟ್ಟಿನ ಚಕ್ರದ ಮೊದಲರ್ಧದಲ್ಲಿ ಕೊಕೇನಿನಂಥ ಪದಾರ್ಥದ ಅಮಲು ಜಾಸ್ತಿ, ಎರಡನೆಯ ಅರ್ಧದಲ್ಲಿ ಕಡಿಮೆ ಎಂದು ಮಹಿಳೆಯರ ಮೇಲಿನ ಅಧ್ಯಯನಗಳೂ ಹೇಳಿವೆ.

ನಿಕೋಟಿನ್ನಿನ ಕಥೆ ನಮಗೆ ಇನ್ನೂ ಹತ್ತಿರದ್ದು. ಅದನ್ನು ಕರಗಿಸುವ ಯಕೃತ್ತಿನ ಕಿಣ್ವ ಈಸ್ಟ್ರೋಜನ್ನಿನಿಂದ ಚುರುಕಾಗುತ್ತದೆ. ಗಂಡಸಿಗಿಂತ ಹೆಂಗಸಿನಲ್ಲಿ, ಅವಳಿಗಿಂತ ಗರ್ಭನಿರೋಧಕ ಮಾತ್ರೆ ನುಂಗುವವಳಲ್ಲಿ, ಬಸುರಿಯಲ್ಲಂತೂ ಮತ್ತಷ್ಟು ಬೇಗ ನಿಕೋಟಿನ್ ಕರಗುತ್ತದೆ. ಬೇಗ ಕರಗಿದರೆ ಮತ್ತೆ ಬೇಕೆನಿಸುವುದೂ ಬೇಗ. ಬಸುರಿನಲ್ಲಿ ಬಿಟ್ಟವರು ಹೆರಿಗೆಯಾದ ಮೇಲೆ ಮತ್ತೆ ಶುರು ಮಾಡುವುದು ಹಲವು ದೇಶಗಳಲ್ಲಿ ಕಂಡ ಸಂಗತಿ. ಹೆರಿಗೆಯ ಬೆನ್ನಲ್ಲೇ ಪ್ರೊಜೆಸ್ಟೆರಾನ್ ಕುಸಿಯುವುದಕ್ಕೂ ಇದಕ್ಕೂ ನಂಟಿದೆಯೇ ಎಂಬ ಶೋಧ ನಡೆದಿದೆ. ಬಾಣಂತಿಗೆ ಎಲೆ-ಅಡಿಕೆ ಕೊಡುವ ನಮ್ಮ ರೂಢಿಯನ್ನು ಇದರ ಜೊತೆಗಿಟ್ಟು ನೋಡಬೇಕು. ಹೊಗೆಸೊಪ್ಪು ಬಿಟ್ಟವಳ ಕೈಗೆ ಮತ್ತೆ ಸಂಚಿ ಬರುವುದು ಆಗಲೇ.

ಇದರ ಬೆಲೆ ತೆರುವುದು ತಾಯಿಯೊಬ್ಬಳೇ ಅಲ್ಲ. ಮುಂಬೈಯ 1,217 ಬಸುರಿಯರ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಹೊಗೆರಹಿತ ತಂಬಾಕು ಬಳಸಿದವರ ಮಕ್ಕಳ ಜನನ ತೂಕ ಸರಾಸರಿ 105 ಗ್ರಾಂ ಕಡಿಮೆಯಿತ್ತು.

ಮದ್ಯದ್ದೂ ಇದೇ ಹಾಡು. ಹೆಣ್ಣಿನ ಮೈಯಲ್ಲಿ ನೀರಿನಂಶ ಕಡಿಮೆಯಾದ್ದರಿಂದ, ಅಷ್ಟೇ ಕುಡಿದರೂ ರಕ್ತದಲ್ಲಿ ಮದ್ಯದ ಪ್ರಮಾಣ ಹೆಚ್ಚು. ಚಿಕಿತ್ಸೆಗೆ ಬಂದವರನ್ನು ನೋಡಿದ ವೈದ್ಯರು ಗುರುತಿಸಿದ ಇನ್ನೊಂದು ಸಂಗತಿಯೆಂದರೆ, ಹೆಣ್ಣು ತಡವಾಗಿ ಶುರು ಮಾಡಿದರೂ ಅವಲಂಬನೆಯ ಹಂತಕ್ಕೆ ಗಂಡಸಿಗಿಂತ ಬೇಗ ತಲುಪುತ್ತಾಳೆ.

ಔಷಧದ ಅಳತೆಯೂ ಗಂಡಸಿನದು

ಇದೆಲ್ಲ ಇಷ್ಟು ತಡವಾಗಿ ತಿಳಿದದ್ದೇಕೆ? ಹೆರುವ ವಯಸ್ಸಿನ ಮಹಿಳೆಯರನ್ನು ಔಷಧಗಳ ಆರಂಭಿಕ ಪ್ರಯೋಗಗಳಿಂದ ದೂರವಿಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1977ರಲ್ಲಿ ಸೂಚಿಸಿತ್ತು. ಅದು ಬದಲಾದದ್ದು 1993ರಲ್ಲಿ. ಜೋಲ್ಪಿಡೆಮ್ ಎಂಬ ನಿದ್ರೆ ಮಾತ್ರೆ ಹೆಂಗಸರ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆಂದು ಅವರ ಪ್ರಮಾಣವನ್ನು ಅರ್ಧಕ್ಕಿಳಿಸಿದ್ದು 2013ರಲ್ಲಿ. ತಂಬಾಕು ಬಿಡಿಸಲು ಚರ್ಮಕ್ಕೆ ಹಚ್ಚುವ ನಿಕೋಟಿನ್ ಪಟ್ಟಿ ಗಂಡಸರಿಗೆ ಫಲಿಸಿದಷ್ಟು ಹೆಂಗಸರಿಗೆ ಫಲಿಸುವುದಿಲ್ಲ ಎಂಬುದೂ ಹಲವು ಅಧ್ಯಯನಗಳಲ್ಲಿ ಕಂಡಿದೆ.

ಬಳ್ಳಾರಿ ಮಾದರಿಯ ನೆಲ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಿಗೆ ಮನಸ್ಸಿನ ಚಿಕಿತ್ಸೆಯ ವಿಷಯದಲ್ಲಿ ಒಂದು ಹಿರಿಮೆಯಿದೆ. ಮಾನಸಿಕ ಕಾಯಿಲೆಗೆ ಪಟ್ಟಣದ ದೊಡ್ಡಾಸ್ಪತ್ರೆಯೇ ಬೇಕಿಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟರೆ ಊರಲ್ಲೇ ಚಿಕಿತ್ಸೆ ಸಾಧ್ಯ ಎಂದು ನಿಮ್ಹಾನ್ಸ್ 1985ರಿಂದ ಪ್ರಯೋಗ ಮಾಡಿ ತೋರಿಸಿದ್ದು ಅವಿಭಜಿತ ಬಳ್ಳಾರಿ ಜಿಲ್ಲೆಯಲ್ಲಿ. ಈಗ ವಿಜಯನಗರ ಜಿಲ್ಲೆಗೆ ಸೇರಿರುವ ಈ ಐದೂ ಊರುಗಳು ಆಗ ಅದರೊಳಗಿದ್ದವು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ‘ಬಳ್ಳಾರಿ ಮಾದರಿ’ ತಳಹದಿ.

ಅಂಥ ನೆಲದಲ್ಲಿ ಇನ್ನೊಂದು ಹೆಜ್ಜೆ ಇಡುವುದು ಕಷ್ಟವಲ್ಲ. ಬಸುರಿಯರ ತೂಕ, ರಕ್ತದೊತ್ತಡ ಬರೆಯುವ ತಾಯಿ ಕಾರ್ಡಿನ ಜೊತೆಗೆ ‘ಹೊಗೆಸೊಪ್ಪು ಹಾಕ್ಕೊಂತೀಯೇನವ್ವಾ?’ ಎಂದು ಆಶಾ ಕಾರ್ಯಕರ್ತೆ ಕೇಳಿದರೆ ಅರ್ಧ ಕೆಲಸ ಆದಂತೆ. ಬೈಯುವ ದನಿಯಲ್ಲಿ ಕೇಳಿದರೆ ಸಂಚಿ ಸೆರಗಿನೊಳಗೆ ಸರಿಯುತ್ತದೆ, ಅಕ್ಕರೆಯಿಂದ ಕೇಳಿದರೆ ಉತ್ತರ ಬರುತ್ತದೆ. ವ್ಯಸನಮುಕ್ತಿ ಶಿಬಿರಗಳಲ್ಲೂ ಹೆಂಗಸರಿಗೆ ಬೇರೆ ದಿನ, ಹೆಣ್ಣು ಆಪ್ತಸಮಾಲೋಚಕಿ, ಕೂಸನ್ನು ಕರೆತರಲು ಅವಕಾಶ ಇರಬೇಕು.

ಚಟ ಬಿಡಲಾಗದ್ದು ಬರೀ ಮನಸ್ಸಿನ ದೌರ್ಬಲ್ಯವಲ್ಲ, ಅದರಲ್ಲಿ ದೇಹದ ಪಾಲೂ ಇದೆ. ನಿಮ್ಮ ಮನೆಯ ಅವ್ವ, ಅಕ್ಕ, ಸೊಸೆಗೆ ಇದನ್ನು ತಿಳಿಸಿ. ಬಿಡಬೇಕೆನ್ನುವವರು ತಂಬಾಕು ತ್ಯಜಿಸುವ ಸಹಾಯವಾಣಿ 1800-11-2356ಕ್ಕೆ, ಮನದ ಬೇಗುದಿಗೆ ಟೆಲಿ ಮನಸ್ 14416ಕ್ಕೆ ಕರೆ ಮಾಡಬಹುದು. ಎರಡೂ ಉಚಿತ.