ಒಂದೇ ಪ್ರತಿ ಉಳಿದ ಕಾನೂನು ಪುಸ್ತಕ

ಪ್ರಶ್ನೆ: ಅಮೆರಿಕದ ಪ್ಯೂರಿಟನ್ ವಸಾಹತುಗಳಲ್ಲಿ ಬೈಬಲ್ಲೇ ಕಾನೂನಾಗಿತ್ತೇ?

ಉತ್ತರ: ಪೂರ್ತಿಯಾಗಿ ಅಲ್ಲ. ಇಂಗ್ಲೆಂಡಿನ ಚರ್ಚಿನ ಸುಧಾರಣೆ ಅರ್ಧಕ್ಕೇ ನಿಂತಿದೆಯೆಂದು ನಂಬಿದ್ದ ಪ್ಯೂರಿಟನ್ನರು ಕಟ್ಟಿದ ಮ್ಯಾಸಚೂಸೆಟ್ಸ್ ವಸಾಹತು, 1641ರ ಹಕ್ಕುಗಳ ಸಂಹಿತೆಯನ್ನು ವಿಸ್ತರಿಸಿ, 1648ರಲ್ಲಿ ತನ್ನ ಕಾನೂನುಗಳನ್ನು ಕೇಂಬ್ರಿಜ್ ಊರಿನ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿತು. ವಿಗ್ರಹಾರಾಧನೆ, ಮಾಟ, ದೇವನಿಂದನೆ, ಕೊಲೆ, ವ್ಯಭಿಚಾರ ಮುಂತಾದ ಮರಣದಂಡನೆಯ ಅಪರಾಧಗಳಿಗೆ ಅದರಲ್ಲಿ ಬೈಬಲ್ಲಿನ ಅಧ್ಯಾಯ, ವಚನಗಳ ಸಂಖ್ಯೆಯನ್ನೇ ಆಧಾರವಾಗಿ ನಮೂದಿಸಲಾಗಿದೆ. ಹೆತ್ತವರ ಮಾತನ್ನು ಹಟದಿಂದ ಮೀರುವ, ಹದಿನಾರು ದಾಟಿದ ಮಗನಿಗೂ ಅದೇ ಶಿಕ್ಷೆ ವಿಧಿಸಲಾಗಿರುವುದು ಇಂದಿಗೂ ಎದೆ ನಡುಗಿಸುತ್ತದೆ.

ಆದರೆ ಪುಸ್ತಕದ ಬಹುಭಾಗ ದನಕರು, ಬೇಲಿ, ತೂಕ, ಅಳತೆಗಳಂತಹ ದಿನನಿತ್ಯದ ವಿಷಯಗಳಿಗೆ ಸೇರಿದ್ದು, ಐವತ್ತು ಮನೆಗಳ ಊರು ಮಕ್ಕಳಿಗೆ ಓದುಬರಹ ಕಲಿಸುವ ಒಬ್ಬರನ್ನು ನೇಮಿಸಬೇಕೆಂಬ 1647ರ ನಿಯಮವೂ ಅಲ್ಲಿದೆ. ಹನ್ನೆರಡು ಪೆನ್ನಿಗೆ ಮೀರಿದ ಕಳವಿಗೂ ಇಂಗ್ಲೆಂಡಿನ ಕಾನೂನು ನೇಣು ವಿಧಿಸಬಹುದಾಗಿದ್ದ ಕಾಲದಲ್ಲಿ ಈ ವಸಾಹತು ಸಾಮಾನ್ಯ ಕಳವಿಗೆ ಮರಣದಂಡನೆಯನ್ನು ಇರಿಸಲಿಲ್ಲವೆಂಬುದನ್ನೂ ಮರೆಯಲಾಗದು. ಪ್ರಕಟವಾದ ಕಾನೂನಿಲ್ಲದೆ ಯಾರ ಪ್ರಾಣ, ಆಸ್ತಿಗಳನ್ನೂ ಮುಟ್ಟಬಾರದೆಂಬ ಆಶಯವೇ ಅದರ ನಿಜವಾದ ಹಿರಿಮೆ. ನಿಯಮಗಳನ್ನು ಅಕ್ಷರಾನುಕ್ರಮದಲ್ಲಿ ಜೋಡಿಸಿದ್ದರಿಂದ ಓದಬಲ್ಲ ಯಾರಾದರೂ ತಮಗೆ ಬೇಕಾದುದನ್ನು ಹುಡುಕಬಹುದಿತ್ತು.

ಮುದ್ರಣವಾದ ಸುಮಾರು 600 ಪ್ರತಿಗಳಲ್ಲಿ ಇಂದು ಉಳಿದಿರುವುದಾಗಿ ತಿಳಿದಿರುವುದು ಒಂದೇ. ಅದು ಕ್ಯಾಲಿಫೋರ್ನಿಯಾದ ಹಂಟಿಂಗ್ಟನ್ ಗ್ರಂಥಾಲಯದಲ್ಲಿದೆ.