'ಡಿಸ್ಕಸ್' ಆದ್ಮೇಲೆ 'ಅಬೌಟ್' ಯಾಕೆ ಬೇಡ?

ಪುಣೆ, ಹೈದರಾಬಾದ್, ಚೆನ್ನೈಗಳಲ್ಲಿ ಕೂತು ಕ್ಲೈಂಟಿಗೆ ಮೇಲ್ ಬರೆಯೋ ನಮ್ಮವರಿಗಾಗಿ ಇವತ್ತಿನ ಮಾತು. ಕೆಲಸ ಎಷ್ಟೇ ಗಟ್ಟಿಯಾಗಿದ್ರೂ, ದೂರದಲ್ಲಿರೋ ಕ್ಲೈಂಟ್ ನಮ್ಮನ್ನ ಅಳೆಯೋದು ಮೇಲ್ ನೋಡಿಯೇ.

'ಲೆಟ್ ಅಸ್ ಡಿಸ್ಕಸ್ ಅಬೌಟ್ ದಿ ಬಗ್' ಅಂತ ಬರೀತೀವಿ. 'ಡಿಸ್ಕಸ್ ದಿ ಬಗ್' ಸಾಕು. ಹಾಗಾದ್ರೆ 'ಅಬೌಟ್' ಎಲ್ಲಿಂದ ಬಂತು? ನಮ್ಮ ಕನ್ನಡದಿಂದ. ನಾವು ಒಂದು ವಿಷಯದ 'ಬಗ್ಗೆ' ಚರ್ಚಿಸ್ತೀವಿ, ಪ್ರಶ್ನೆ'ಗೆ' ಉತ್ತರಿಸ್ತೀವಿ, ಮ್ಯಾನೇಜರಿ'ಗೆ' ಕಾಲ್ ಮಾಡ್ತೀವಿ. ಕನ್ನಡದಲ್ಲಿ ಅದು ಸರಿ. ಅದನ್ನೇ ಹೊತ್ಕೊಂಡು ಹೋದ್ರೆ 'ಆನ್ಸರ್ ಟು ದಿ ಕ್ವೆಶ್ಚನ್', 'ಐ ಕಾಲ್ಡ್ ಟು ಮೈ ಮ್ಯಾನೇಜರ್' ಆಗುತ್ತೆ. ಎರಡರಲ್ಲೂ 'ಟು' ಬೇಡ.

ಇನ್ನೊಂದು ಕಾರಣ ನಾಮಪದ. 'ಎ ಡಿಸ್ಕಷನ್ ಅಬೌಟ್ ದಿ ಬಗ್', 'ಮೈ ರಿಕ್ವೆಸ್ಟ್ ಫಾರ್ ಲೀವ್', 'ಎಂಫಸಿಸ್ ಆನ್ ಕ್ವಾಲಿಟಿ' ಎಲ್ಲ ಸರಿ. ಅವೇ ಕ್ರಿಯಾಪದ ಆದಾಗ 'ಐ ರಿಕ್ವೆಸ್ಟ್ ಲೀವ್', 'ವಿ ಎಂಫಸೈಸ್ ಕ್ವಾಲಿಟಿ' ಅಷ್ಟೇ. ಈ ಪದಗಳಿಗೆ ನಾನು ಇಟ್ಕೊಂಡಿರೋ ಗುರುತು: ನಾಮಪದಕ್ಕೆ ಬಾಲ ಉಂಟು, ಕ್ರಿಯಾಪದಕ್ಕಿಲ್ಲ.

ಹಾಗಂತ ಸಿಕ್ಕಿದ್ದನ್ನೆಲ್ಲ ಕಿತ್ತುಹಾಕಬೇಡಿ. 'ರಿಪ್ಲೈ ಟು ದಿ ಮೇಲ್', 'ಲಿಸನ್ ಟು ದಿ ಕಸ್ಟಮರ್' ಇವಕ್ಕೆ 'ಟು' ಬೇಕೇ ಬೇಕು. ಕೆಲವು ಕಡೆ ಅರ್ಥವೇ ಬದಲಾಗುತ್ತೆ. 'ಅಟೆಂಡ್ ದಿ ಮೀಟಿಂಗ್' ಅಂದ್ರೆ ಹಾಜರಾಗೋದು. 'ಅಟೆಂಡ್ ಟು ದಿ ಇಷ್ಯೂ' ಅಂದ್ರೆ ಅದನ್ನ ಕೈಗೆತ್ತಿಕೊಂಡು ನೋಡೋದು.

ನಾಳೆ ಮೇಲ್ ಕಳಿಸೋ ಮುಂಚೆ ಈ ಐದನ್ನ ಹುಡುಕಿ: ಡಿಸ್ಕಸ್, ಆನ್ಸರ್, ಕಾಲ್, ರಿಕ್ವೆಸ್ಟ್, ಎಂಫಸೈಸ್. ಮುಂದೆ ಬಾಲ ಕಂಡ್ರೆ ಕತ್ತರಿಸಿ.