ಕರಾವಳಿಯ ಚಳಿಗೆ ಕಟ್ಟಿನ ಸಾರು, ಕೆಂಡದ ಕಡುಬು

ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯ ಸಸ್ಯಾಹಾರಿ ಅಡುಗೆಮನೆಯಲ್ಲೊಂದು ಸುತ್ತು

ಚಳಿಗಾಲ ಬಂತೆಂದರೆ ನಗರದ ಹೋಟೆಲುಗಳ ಪಟ್ಟಿಯಲ್ಲಿ ಸೂಪ್, ಸ್ಟ್ಯೂ, ಬೇಕ್ ಎಂಬ ಹೆಸರುಗಳು ಮೇಲಕ್ಕೇರುತ್ತವೆ. ಇವು ಹಿಮ ಸುರಿಯುವ ನಾಡುಗಳಿಂದ ಬಂದ ತಿನಿಸುಗಳು, ನಮ್ಮಲ್ಲಿ ಇಂಥವು ಇರಲಿಲ್ಲ ಎಂಬುದು ಸಾಮಾನ್ಯ ನಂಬಿಕೆ. ಆದರೆ ಉತ್ತರ ಕನ್ನಡದ ಕರಾವಳಿಯ ಮೂರು ತಾಲ್ಲೂಕುಗಳ ಅಡುಗೆಮನೆಗಳನ್ನು ಹೊಕ್ಕು ನೋಡಿದರೆ ಚಿತ್ರ ಬೇರೆಯೇ ಇದೆ. ಕಾಳನ್ನು ಬಸಿದ ಕಟ್ಟು, ಗಡ್ಡೆಗಳನ್ನು ಕುದಿಸಿದ ಗಟ್ಟಿ ಹುಳಿ, ಕೆಳಗೂ ಮೇಲೂ ಕೆಂಡವಿಟ್ಟು ಬೇಯಿಸಿದ ಸೌತೆಕಾಯಿಯ ಸಿಹಿ - ಈ ಮೂರೂ ಅಲ್ಲಿ ತಲೆಮಾರುಗಳಿಂದ ಇವೆ. ಹೆಸರು ಮಾತ್ರ ಬೇರೆ.

ಹಗಲು ಸೆಖೆ, ಬೆಳಗಿನ ಜಾವ ಇಬ್ಬನಿ

ಮೊದಲಿಗೆ ಇಲ್ಲಿನ ಚಳಿಯ ಸ್ವಭಾವವನ್ನು ಅರಿಯಬೇಕು. ಡಿಸೆಂಬರ್ ಮತ್ತು ಜನವರಿ ತಿಂಗಳಲ್ಲಿ ಬೀದರ, ವಿಜಯಪುರಗಳು ನಡುಗುತ್ತಿರುವಾಗ ಹೊನ್ನಾವರದ ಮಧ್ಯಾಹ್ನದ ಉಷ್ಣಾಂಶ 33ರಿಂದ 35 ಡಿಗ್ರಿ ಸೆಲ್ಸಿಯಸ್ ಮುಟ್ಟುವುದುಂಟು. ಘಟ್ಟದ ಕಡೆಯಿಂದ ಇಳಿದು ಬರುವ ಒಣಗಾಳಿ ಬಲವಾಗಿದ್ದಾಗ ಕಡಲಗಾಳಿ ತಡವಾಗಿ ಒಳಬರುತ್ತದೆ. ಹಗಲು ಕಾಯುವುದು ಈ ಕಾರಣಕ್ಕೆ. ಅದೇ ನೆಲ ರಾತ್ರಿ ಬೇಗ ತಣಿದು, ಬೆಳಗಿನ ಜಾವಕ್ಕೆ ಉಷ್ಣಾಂಶ 20 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಗದ್ದೆಗಳ ಮೇಲೆ ಇಬ್ಬನಿ ಬೀಳುತ್ತದೆ.

ಹೀಗಾಗಿ ಇಲ್ಲಿ ಬಿಸಿ ಸಾರು ಮೈ ಹೆಪ್ಪುಗಟ್ಟದಂತೆ ಕಾಯುವ ಮದ್ದಲ್ಲ. ಅದು ಬೆಳಗಿನ ಗಂಜಿಗೂ ರಾತ್ರಿಯ ಊಟಕ್ಕೂ ಸೇರಿದ್ದು. ನಡುಹಗಲಿಗೆ ತಂಬುಳಿ, ಮಜ್ಜಿಗೆ ಹಾಗೆಯೇ ಉಳಿಯುತ್ತವೆ. ಧನುರ್ಮಾಸದಲ್ಲಿ ದೇವಾಲಯಗಳಲ್ಲಿ ನಸುಕಿನ ಪೂಜೆಗೆ ನೈವೇದ್ಯವಾಗುವ ಹೆಸರುಬೇಳೆ ಹುಗ್ಗಿಯೂ ಇದೇ ಲೆಕ್ಕಾಚಾರದ್ದು. ಅಕ್ಕಿ, ಬೇಳೆ, ಕಾಳುಮೆಣಸು, ಶುಂಠಿ, ತುಪ್ಪ ಸೇರಿದ ಆ ಹುಗ್ಗಿ ಸೂರ್ಯೋದಯಕ್ಕೆ ಮುನ್ನ ಬಿಸಿಬಿಸಿಯಾಗಿ ಹಂಚಿಹೋಗುತ್ತದೆ.

ಗದ್ದೆಯಿಂದ ಮಡಕೆಗೆ

ಚಳಿಗಾಲದ ಅಡುಗೆಯ ಮೂಲ ಕಾರಣ ಹವೆಗಿಂತ ಹೆಚ್ಚಾಗಿ ಬೇಸಾಯ. ಮಳೆಗಾಲದ ಭತ್ತ ಕೊಯ್ಲಾದ ಮೇಲೆ ಗದ್ದೆ ಖಾಲಿ ಬೀಳುವುದಿಲ್ಲ. ಉಳಿದ ತೇವದಲ್ಲಿ ಹುರುಳಿ, ಉದ್ದು, ಹೆಸರು, ಅಲಸಂದೆ ಬಿತ್ತುತ್ತಾರೆ. ನೀರಿನ ಆಸರೆ ಇದ್ದಲ್ಲಿ ಹರಿವೆ, ಬಸಳೆ, ಮೂಲಂಗಿ, ಬದನೆ, ಸೌತೆ, ಗೆಣಸು ಬೆಳೆಯುತ್ತಾರೆ. ಕುಮಟಾ ಪೇಟೆಯಲ್ಲಿ ಬೆಳಗ್ಗೆ ಸಾಲಾಗಿ ಕುಳಿತು ಸೊಪ್ಪು, ತರಕಾರಿ ಮಾರುವ ಹಾಲಕ್ಕಿ ಒಕ್ಕಲಿಗ ಮಹಿಳೆಯರ ಬುಟ್ಟಿಯೇ ಇಲ್ಲಿನ ಚಳಿಗಾಲದ ಅಡುಗೆಪಟ್ಟಿ. ಕುಮಟಾದ ಹೆಸರಾಂತ ಸಿಹಿ ಈರುಳ್ಳಿ ಈ ಕಾಲದಲ್ಲಿ ಇನ್ನೂ ಮಣ್ಣಿನಲ್ಲಿರುತ್ತದೆ. ಹೆಣೆದ ಗೊಂಚಲುಗಳಾಗಿ ಅದು ಹೆದ್ದಾರಿಯ ಬದಿಗೆ ಬರುವುದು ಬೇಸಿಗೆಯಲ್ಲಿ.

ಅನ್ನದ ಕಥೆ ಇನ್ನೂ ವಿಶಿಷ್ಟ. ಅಘನಾಶಿನಿ ಅಳಿವೆಯ ಸುತ್ತಲಿನ ಗಜನಿ ಭೂಮಿಯಲ್ಲಿ, ಮಾಣಿಕಟ್ಟಾ ಮುಂತಾದ ಊರುಗಳಲ್ಲಿ, ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಎಂಬ ಭತ್ತದ ತಳಿ ಬೆಳೆಯುತ್ತದೆ. ಗೊಬ್ಬರ, ಕೀಟನಾಶಕ ಬೇಡದ, ಎತ್ತರಕ್ಕೆ ಬೆಳೆಯುವ ಈ ಭತ್ತದ ಕುಚ್ಚಲಕ್ಕಿಯ ಗಂಜಿ ಬಹುಹೊತ್ತು ಹಸಿವನ್ನು ತಡೆಯುತ್ತದೆ ಎಂಬುದು ರೈತರ ಅನುಭವ. ಗಟ್ಟಿ ಸಾರಿಗೆ ಜೊತೆಯಾಗಿದ್ದುದು ಈ ಅನ್ನವೇ.

ಸಾರು, ಹುಳಿ, ಕೊದ್ದೆಲ್, ಘಶಿ

ಸೂಪ್ ಎಂಬ ಒಂದೇ ಪದಕ್ಕೆ ಇಲ್ಲಿ ಹಲವು ಪದಗಳಿವೆ. ಬೇಯಿಸಿದ ಕಾಳಿನಿಂದ ಬಸಿದ ನೀರು ಕಟ್ಟು. ಅದಕ್ಕೆ ಮಸಾಲೆ ಕೂಡಿದರೆ ಕಟ್ಟಿನ ಸಾರು. ಹವ್ಯಕರ ಮನೆಗಳಲ್ಲಿ ಮಾವಿನಮಿಡಿಯಿಂದ ಮಾಡುವ ತೆಳ್ಳನೆಯ ಅಪ್ಪೆಹುಳಿ ಊಟದ ನಡುವೆ ಲೋಟದಲ್ಲಿ ಕುಡಿಯುವಂಥದ್ದು. ಮಾವು ಇಲ್ಲದ ಚಳಿಗಾಲದಲ್ಲಿ ಕಂಚಿಕಾಯಿ, ನಿಂಬೆ ಅಥವಾ ಒಣಗಿಸಿಟ್ಟ ವಾಟೆಹುಳಿ ಅದರ ಸ್ಥಾನಕ್ಕೆ ಬರುತ್ತದೆ.

ಕೊಂಕಣಿ ಮಾತನಾಡುವ ಗೌಡ ಸಾರಸ್ವತರ ಮನೆಗಳಲ್ಲಿ ವಿಂಗಡಣೆ ಒಗ್ಗರಣೆಯ ಮೇಲೆ ನಿಂತಿದೆ. ಕಾಯಿ, ಒಣಮೆಣಸು, ಹುಣಸೆ ಅರೆದ ಮಸಾಲೆ ಬಹುಮಟ್ಟಿಗೆ ಒಂದೇ. ಅದಕ್ಕೆ ಬೆಳ್ಳುಳ್ಳಿಯ ಒಗ್ಗರಣೆ ಬಿದ್ದರೆ ಕೊದ್ದೆಲ್, ಸಾಸಿವೆ ಕರಿಬೇವು ಬಿದ್ದರೆ ಘಶಿ, ಈರುಳ್ಳಿ ಹುರಿದು ಹಾಕಿದರೆ ಅಂಬಟ್. ತೊಗರಿಬೇಳೆಗೆ ಇಂಗು, ಹಸಿಮೆಣಸು ಸೇರಿದ ದಾಳಿತೋವೆ ಹಬ್ಬದ ದಿನವೂ ಬಡತನದ ದಿನವೂ ಒಂದೇ ರುಚಿಯದ್ದು.

ಭಟ್ಕಳದ ಹೆಸರು ಕೇಳಿದೊಡನೆ ನವಾಯತರ ಬಿರಿಯಾನಿ ನೆನಪಾಗುವುದು ಸಹಜ. ಆದರೆ ಈ ಪಟ್ಟಣ ಮತ್ತು ಗೇರುಸೊಪ್ಪೆ, ಹಾಡುವಳ್ಳಿಗಳು ಒಂದು ಕಾಲಕ್ಕೆ ಜೈನ ಮನೆತನಗಳ ಆಳ್ವಿಕೆಯಲ್ಲಿದ್ದವು. ಅಲ್ಲಿನ ಬಸದಿಗಳು ಇಂದಿಗೂ ಸಾಕ್ಷಿ. ಜೈನ ಅಡುಗೆಯಲ್ಲಿ ಗಡ್ಡೆಗಳಿಗೆ ಪ್ರವೇಶವಿಲ್ಲ. ಬಾಳೆಕಾಯಿ, ಕುಂಬಳ, ಕಾಳುಗಳಿಂದಲೇ ಸಾಂದ್ರತೆ ತರುವ ಜಾಣ್ಮೆ ಆ ಅಡುಗೆಯದು.

ಖಾರದ ಹಿಂದಿನ ಇತಿಹಾಸ

ಇಂದಿನ ಸಾರಿನ ಕೆಂಪು ಬಣ್ಣ ಒಣಮೆಣಸಿನಕಾಯಿಯ ಕೊಡುಗೆ. ಅಮೆರಿಕ ಖಂಡದ ಈ ಬೆಳೆ ಪೋರ್ಚುಗೀಸರ ಮೂಲಕ 16ನೇ ಶತಮಾನದಲ್ಲಿ ಪಶ್ಚಿಮ ಕರಾವಳಿಗೆ ಬಂತು. ಅದಕ್ಕೆ ಮುನ್ನ ಖಾರವೆಂದರೆ ಕಾಳುಮೆಣಸು, ಹಿಪ್ಪಲಿ, ಶುಂಠಿ. ಕನ್ನಡದ ಪದವೇ ಇದಕ್ಕೆ ಸಾಕ್ಷಿ ಹೇಳುತ್ತದೆ. ಮೆಣಸು ಎಂಬ ಹಳೆಯ ಹೆಸರಿಗೆ ಕಾಯಿ ಸೇರಿಸಿ ಹೊಸಬನನ್ನು ಮೆಣಸಿನಕಾಯಿ ಎಂದು ಕರೆಯಲಾಯಿತು. ಅದೇ ಶತಮಾನದ ಉತ್ತರಾರ್ಧದಲ್ಲಿ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದರು. ಶರಾವತಿಯ ಕಣಿವೆಯ ಮೆಣಸು ಹೊನ್ನಾವರ, ಭಟ್ಕಳ ಬಂದರುಗಳಿಂದ ಹಡಗೇರುತ್ತಿತ್ತು.

ಇನ್ನೊಂದು ಸ್ಥಳೀಯ ಮಸಾಲೆ ತೆಪ್ಪಳ, ಕನ್ನಡದಲ್ಲಿ ಜುಮ್ಮನಕಾಯಿ. ಮೈತುಂಬ ಮುಳ್ಳಿರುವ ಕಾಡುಮರದ ಈ ಕಾಯಿ ಚೀನಾದ ಸಿಚುವಾನ್ ಮೆಣಸಿನ ಕುಲಕ್ಕೆ ಸೇರಿದ್ದು. ಒಳಗಿನ ಕರಿಬೀಜವನ್ನು ತೆಗೆದು ಸಿಪ್ಪೆಯನ್ನು ಮಾತ್ರ ಬಳಸುತ್ತಾರೆ. ನಾಲಿಗೆ ಜುಮ್ಮೆನ್ನಿಸುವ ಗುಣದಿಂದಲೇ ಅದಕ್ಕೆ ಆ ಹೆಸರು.

ಮನೆಯಲ್ಲಿ ಮಾಡಿ ನೋಡಲು ಮೂರು ಅಡುಗೆ

1. ಹುರುಳಿ ಕಟ್ಟಿನ ಸಾರು

ಒಂದು ಲೋಟ ಹುರುಳಿಯನ್ನು ಕಲ್ಲು ಆರಿಸಿ, ತೊಳೆದು, 8ರಿಂದ 10 ಗಂಟೆ ನೆನೆಸಬೇಕು. ಆರು ಲೋಟ ನೀರಿನೊಂದಿಗೆ ಕುಕ್ಕರಿನಲ್ಲಿ ಆರೇಳು ಕೂಗು ಬರುವವರೆಗೆ ಬೇಯಿಸಿ ಕಟ್ಟನ್ನು ಬಸಿದುಕೊಳ್ಳಬೇಕು. ಕಾಲು ಲೋಟ ಕಾಯಿತುರಿ, ಹುರಿದ ನಾಲ್ಕು ಬ್ಯಾಡಗಿ ಮೆಣಸು, ಒಂದು ಚಮಚ ಕೊತ್ತಂಬರಿ, ಅರ್ಧ ಚಮಚ ಕಾಳುಮೆಣಸು, ನೆಲ್ಲಿಕಾಯಿ ಗಾತ್ರದ ಹುಣಸೆ ಮತ್ತು ಎರಡು ಚಮಚ ಬೆಂದ ಹುರುಳಿಯನ್ನು ನುಣ್ಣಗೆ ಅರೆದು ಕಟ್ಟಿಗೆ ಸೇರಿಸಿ, ಉಪ್ಪು, ಚೂರು ಬೆಲ್ಲ ಹಾಕಿ ಕುದಿಸಬೇಕು. ತೆಂಗಿನೆಣ್ಣೆಯಲ್ಲಿ ಜಜ್ಜಿದ ಎಂಟು ಎಸಳು ಬೆಳ್ಳುಳ್ಳಿ ಕೆಂಪಗಾಗಿಸಿ ಒಗ್ಗರಣೆ ಕೊಟ್ಟರೆ ಸಾರು ಸಿದ್ಧ. ಉಳಿದ ಕಾಳು ಕಾಯಿತುರಿ ಕೂಡಿ ಉಸಳಿಯಾಗುತ್ತದೆ, ವ್ಯರ್ಥವೆಂಬುದಿಲ್ಲ.

ಸಿಪ್ಪೆ ಗಟ್ಟಿಯಿರುವ ಕಾರಣ ಹುರುಳಿಗೆ ದೀರ್ಘ ನೆನೆ ಅಗತ್ಯ. ಹೊಟ್ಟೆಯುಬ್ಬರ ತರುವ ಕೆಲವು ಸಕ್ಕರೆ ಅಂಶಗಳು ನೆನೆಸಿದ ನೀರಿನಲ್ಲಿ ಬಿಟ್ಟುಕೊಳ್ಳುವುದರಿಂದ ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸುವುದು ಒಳ್ಳೆಯದು. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇರುತ್ತದೆ. ಆದರೆ ಅದರ ಬಹುಪಾಲು ಕಾಳಿನಲ್ಲಿಯೇ ಉಳಿಯುತ್ತದೆ. ಆದ್ದರಿಂದ ಸಾರಿನೊಂದಿಗೆ ಉಸಳಿಯನ್ನೂ ಉಣ್ಣುವುದು ಜಾಣತನ.

2. ಖತಖತೆ

ಗೋವಾದಿಂದ ಕರಾವಳಿಗುಂಟ ಹರಡಿದ ಸಾರಸ್ವತ ಮನೆಗಳ ಈ ಮಿಶ್ರ ತರಕಾರಿ ಹುಳಿಗೆ ಮಡಕೆಯಲ್ಲಿ ಖತಖತ ಕುದಿಯುವ ಸದ್ದಿನಿಂದಲೇ ಹೆಸರು ಬಂದಿದೆ ಎನ್ನಲಾಗುತ್ತದೆ. ಸುವರ್ಣಗಡ್ಡೆ, ಗೆಣಸು, ಬಾಳೆಕಾಯಿ, ಕುಂಬಳ, ಮೂಲಂಗಿ, ಅಲಸಂದೆ ಕೋಡು ಹೀಗೆ ಕನಿಷ್ಠ ಐದು ತರಕಾರಿ ಬೇಕು. ಅರ್ಧ ಲೋಟ ತೊಗರಿಬೇಳೆಯನ್ನು ಬೇಯಿಸಿಕೊಂಡು, ತರಕಾರಿಗಳನ್ನು ಗಟ್ಟಿಯವು ಮೊದಲು, ಮೆದುವಾದವು ಆಮೇಲೆ ಎಂಬ ಕ್ರಮದಲ್ಲಿ ಹಾಕಬೇಕು. ಒಂದು ಲೋಟ ಕಾಯಿತುರಿ, ಐದಾರು ಒಣಮೆಣಸು, ಅರಿಸಿನ ಅರೆದು ಬೆರೆಸಿ, ನಾಲ್ಕೈದು ಒಣ ಮುರುಗಲು ಸಿಪ್ಪೆ, ಸ್ವಲ್ಪ ಬೆಲ್ಲ, ಜಜ್ಜಿದ ಏಳೆಂಟು ತೆಪ್ಪಳ ಹಾಕಿ ಕುದಿಸಿ ಮುಚ್ಚಿಡಬೇಕು. ಈರುಳ್ಳಿ, ಬೆಳ್ಳುಳ್ಳಿ ಇಲ್ಲ, ಒಗ್ಗರಣೆಯೂ ಬೇಡ. ಒಂದೆರಡು ಗಂಟೆ ಕಳೆದ ಮೇಲೆ ರುಚಿ ಕೂಡುತ್ತದೆ.

ಇಲ್ಲಿ ಹುಳಿ ಕೇವಲ ರುಚಿಗಲ್ಲ. ಸುವರ್ಣಗಡ್ಡೆ ಮತ್ತು ಕೆಸುವಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ. ಗಂಟಲು ತುರಿಸುವುದು ಇವುಗಳಿಂದ. ಹುಳಿ ಬೆರೆಸಿ ಚೆನ್ನಾಗಿ ಬೇಯಿಸಿದಾಗ ತುರಿಕೆ ತಗ್ಗುತ್ತದೆ. ಮೂತ್ರಪಿಂಡದಲ್ಲಿ ಆಕ್ಸಲೇಟ್ ಕಲ್ಲಿನ ತೊಂದರೆ ಇರುವವರು ಈ ಗಡ್ಡೆಗಳನ್ನು ವೈದ್ಯರ ಸಲಹೆಯಂತೆ ಮಿತವಾಗಿ ಬಳಸಬೇಕು.

3. ತವಸೊಳಿ

ಕೊಂಕಣಿಯಲ್ಲಿ ತವಶೆಂ ಎಂದರೆ ಸೌತೆಕಾಯಿ. ಹಳೆಯ ಪದ್ಧತಿಯಲ್ಲಿ ದಪ್ಪ ತಳದ ಪಾತ್ರೆಗೆ ಹಿಟ್ಟು ಸುರಿದು, ಕೆಳಗೆ ಸಣ್ಣ ಉರಿ, ಮುಚ್ಚಳದ ಮೇಲೆ ಕೆಂಡ ಇಡುತ್ತಿದ್ದರು. ಎರಡೂ ಕಡೆಯಿಂದ ಬಿಸಿ ತಾಗಿ ಮೇಲ್ಪದರ ಕಂದುಬಣ್ಣಕ್ಕೆ ತಿರುಗುತ್ತಿತ್ತು. ಇಂದಿನ ಓವನ್ ಮಾಡುವುದೂ ಇದೇ ಕೆಲಸವನ್ನು.

ಒಂದು ಲೋಟ ಅಕ್ಕಿ ರವೆಯನ್ನು ಬೆಚ್ಚಗೆ ಹುರಿಯಬೇಕು. ಎರಡು ಲೋಟ ಬಲಿತ ಸೌತೆಕಾಯಿಯ ತುರಿಯನ್ನು ಅದರ ನೀರಿನೊಂದಿಗೇ ಮುಕ್ಕಾಲು ಲೋಟ ಬೆಲ್ಲ, ಅರ್ಧ ಲೋಟ ಕಾಯಿತುರಿ, ಚಿಟಿಕೆ ಉಪ್ಪು ಸೇರಿಸಿ ಕುದಿಸಿ, ರವೆ ಬೆರೆಸಿ ಗಟ್ಟಿಯಾಗುವವರೆಗೆ ಕೈಯಾಡಿಸಬೇಕು. ಏಲಕ್ಕಿ ಪುಡಿ, ಎರಡು ಚಮಚ ತುಪ್ಪ ಹಾಕಿ, ಬಾಳೆಎಲೆ ಹಾಸಿದ ತಟ್ಟೆಗೆ ಹರಡಿ, 180 ಡಿಗ್ರಿಯಲ್ಲಿ 40ರಿಂದ 45 ನಿಮಿಷ ಬೇಯಿಸಿದರೆ ಸಾಕು. ತುರಿಯುವ ಮುನ್ನ ಸೌತೆಕಾಯಿ ಕಹಿಯಿಲ್ಲವೆಂದು ತುಂಡು ತಿಂದು ನೋಡುವುದನ್ನು ಮರೆಯಬಾರದು. ಪೂರ್ಣ ತಣಿದ ಮೇಲೆಯೇ ಕತ್ತರಿಸಬೇಕು. ಓವನ್ ಇಲ್ಲದವರು ಇದನ್ನೇ ಹಬೆಯಲ್ಲಿ ಬೇಯಿಸಬಹುದು. ಆಗ ಕಂದು ಪದರವೊಂದು ಇರುವುದಿಲ್ಲ.

ಉಳಿಯಬೇಕಾದ್ದು ಏನು?

ಪಾಕವಿಧಾನ ಬರೆದಿಟ್ಟರೆ ಅಡುಗೆ ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ಗಜನಿ ಭೂಮಿಯೇ ಉತ್ತರ. ಕಗ್ಗದ ಬೇಸಾಯ ಒಬ್ಬ ರೈತನಿಂದ ಆಗುವಂಥದ್ದಲ್ಲ. ಕಡಲ ನೀರನ್ನು ತಡೆಯುವ ಒಡ್ಡನ್ನು ಊರೆಲ್ಲ ಸೇರಿ ಕಾಯಬೇಕು. ಒಡ್ಡು ಒಡೆದಾಗ, ಸಿಗಡಿ ಕೃಷಿಗೆ ಗದ್ದೆಗಳು ತಿರುಗಿದಾಗ, ದುಡಿಯುವ ಕೈಗಳು ಪಟ್ಟಣ ಸೇರಿದಾಗ ಕಗ್ಗದ ವಿಸ್ತೀರ್ಣ ಕುಗ್ಗುತ್ತ ಬಂದಿತು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಗೆ ರಾಮ್ಸಾರ್ ತಾಣದ ಅಂತರರಾಷ್ಟ್ರೀಯ ಮಾನ್ಯತೆ ದೊರೆತಿದೆ. ಆ ಮಾನ್ಯತೆ ನೀರಿಗೂ ಹಕ್ಕಿಗೂ ಗೌರವ ತಂದಿದೆ. ಅದೇ ನೀರಿನಂಚಿನಲ್ಲಿ ಬೆಳೆಯುವ ಅನ್ನವನ್ನು ಉಳಿಸುವ ಕೆಲಸ ರೈತರದೂ ಕೊಳ್ಳುವವರದೂ ಹೌದು.

ಹಿಂಗಾರಿನ ಕಾಳಿಗೂ ಇದೇ ಮಾತು ಸಲ್ಲುತ್ತದೆ. ಅಂಗಡಿಯಲ್ಲಿ ಘಟ್ಟದಾಚೆಯ ತರಕಾರಿ ವರ್ಷವಿಡೀ ಸಿಗುವಾಗ ಹುರುಳಿ ಬಿತ್ತುವ ಗದ್ದೆ ಬೀಳುಬಿಡುವುದು ಸುಲಭ. 2024ರ ಜುಲೈಯಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದಾಗ, ಈ ಕರಾವಳಿಯ ಬದುಕು ಎಷ್ಟರಮಟ್ಟಿಗೆ ಒಂದು ರಸ್ತೆಯನ್ನು ನೆಚ್ಚಿಕೊಂಡಿದೆ ಎಂಬುದು ಕಣ್ಣಿಗೆ ಬಿತ್ತು. ಮನೆಯ ಅಟ್ಟದಲ್ಲಿ ಹುರುಳಿ, ಭರಣಿಯಲ್ಲಿ ಮುರುಗಲು, ಹಿತ್ತಲಲ್ಲಿ ಸುವರ್ಣಗಡ್ಡೆ ಇಟ್ಟುಕೊಳ್ಳುತ್ತಿದ್ದ ಹಿರಿಯರಿಗೆ ಅಡುಗೆಯೆಂದರೆ ರುಚಿಯ ಜೊತೆಗೆ ಮುಂಜಾಗ್ರತೆಯೂ ಆಗಿತ್ತು.

ಬೆಂಗಳೂರು, ಹುಬ್ಬಳ್ಳಿ, ಮೈಸೂರಿನ ಅಡುಗೆಮನೆಯಲ್ಲಿ ಈ ಸಾರು ಕುದಿಸಲು ವಿಶೇಷ ಸಾಮಗ್ರಿ ಬೇಕಿಲ್ಲ. ಹುರುಳಿ ಎಲ್ಲ ಕಡೆ ಸಿಗುತ್ತದೆ. ಊರಿಗೆ ಹೋದಾಗ ಕುಮಟಾ ಪೇಟೆಯಲ್ಲಿ ಒಂದು ಹಿಡಿ ತೆಪ್ಪಳ, ಒಂದೆರಡು ಕಿಲೋ ಕಗ್ಗದ ಅಕ್ಕಿ ಕೇಳಿ ತಂದರೆ ಸಾಕು. ಕೇಳುವವರು ಇದ್ದಷ್ಟು ದಿನ ಬೆಳೆಯುವವರೂ ಇರುತ್ತಾರೆ.